ಸೋಪಿನಯ್ಯನ ನೀಲಿ ಸಾಲು

ಸೋಪಿನಯ್ಯ ತೀರಿಕೊಂಡು ಹನ್ನೊಂದನೆಯ ದಿನ ಕಳೆದ ಮೇಲೆ ನಮ್ಮ ಹೂವಿನ ತೋಟದ ಓನರು ಪ್ಯಾಕಿಂಗ್ ಶೆಡ್ಡಿನಲ್ಲಿ ಅವರ ಫೋಟೊ ಇಟ್ಟು, ಕೆಲಸದವರನ್ನೆಲ್ಲ ಚಾಪೆಯ ಮೇಲೆ ಕೂರಿಸಿ, ನಾಲ್ಕು ಮಾತಾಡಿದರು.

"ನಮ್ ದೊಡ್ಡಪ್ಪನ ಕಣ್ಣು ಅಂತಿಂಥ ಕಣ್ಣಲ್ಲ. ನೂರು ಹೂವಲ್ಲಿ ಒಂದು ಹೂವು ಒಂದ್ ಚೂರು ಬಣ್ಣ ತಪ್ಪಿದ್ರೂ ಹಿಡಿದುಬಿಡೋದು. ಅಂಥ ಕಣ್ಣು ಇನ್ನು ಹುಡುಕಿದ್ರೂ ಸಿಗಲ್ಲ" ಅಂದರು.

ಎಲ್ಲರೂ ತಲೆ ಆಡಿಸಿದರು. ನನ್ನ ಜೊತೆ ಕೆಲಸ ಮಾಡುವ ರತ್ನಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ನಾನು ತಲೆ ತಗ್ಗಿಸಿ ಕೂತೆ. ಅಳುವುದಕ್ಕಲ್ಲ, ನಗು ಬಂದಿತ್ತು.

ಆ ಕಣ್ಣಿನ ಸಂಗತಿ ಗೊತ್ತಿದ್ದದ್ದು ನನಗೊಬ್ಬಳಿಗೆ. "ಹೇಳೋದಾದ್ರೆ ನಾನು ಸತ್ತ ಮೇಲೆ ಹೇಳು ತಾಯಿ. ಆಗ ನನ್ನ ಕೆಲಸ ಯಾರೂ ಕಿತ್ಕೊಳ್ಳಕ್ಕಾಗಲ್ಲ" ಅಂದಿದ್ದರು. ಈಗ ಹೇಳುತ್ತಿದ್ದೇನೆ. ಹೆಸರು ಮಾತ್ರ ಬರೆಯುವುದಿಲ್ಲ. ಹೆಸರು ಅವರ ಮನೆಯವರದ್ದು. ನಾವು ಹೆಂಗಸರು ಎದುರಿಗೆ ಅವರನ್ನು ಅಣ್ಣ ಅನ್ನುತ್ತಿದ್ದೆವು, ಬೆನ್ನ ಹಿಂದೆ ಸೋಪಿನಯ್ಯ ಅನ್ನುತ್ತಿದ್ದೆವು.

ಆ ಹೆಸರು ಬಂದದ್ದು ಹೀಗೆ. ಅವರ ಅಂಗಿಯ ಜೇಬಿನಲ್ಲಿ ಬೀಡಿ ಇರಲಿಲ್ಲ, ಫೋನೂ ಇರಲಿಲ್ಲ. ಬಟ್ಟೆ ಒಗೆಯುವ ಸೋಪಿನ ಒಂದು ತುಂಡು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟಿರುತ್ತಿತ್ತು. ಎಲ್ಲಿ ನೀರು ಕಂಡರೂ ಅಂಗೈಯಲ್ಲಿ ಹಿಡಿದು ಸೋಪು ತಿಕ್ಕುವುದು, ನೊರೆ ನೋಡುವುದು. ನೊರೆ ಎದ್ದರೆ "ಒಳ್ಳೆ ನೀರು". ಏಳದಿದ್ದರೆ ಕೈ ಒದರಿ "ಸುಣ್ಣದ ನೀರು, ಗಿಡಕ್ಕಲ್ಲ, ಗೋಡೆಗೆ" ಅನ್ನುವುದು. ಸೂಲಿಬೆಲೆಯಲ್ಲಿ ಯಾರದೋ ಮದುವೆಗೆ ಹೋದಾಗ ಊಟಕ್ಕೆ ಮುಂಚೆ ಕೈ ತೊಳೆಯುವ ನಲ್ಲಿಯ ಹತ್ತಿರವೂ ಸೋಪು ತೆಗೆದು ನಿಂತಿದ್ದರು. ಹೆಣ್ಣಿನ ಕಡೆಯವರು, ಪಾಪ, ಇವರು ಬಹಳ ಮಡಿಯ ಮನುಷ್ಯ ಅಂದುಕೊಂಡು ಹೊಸ ಟವೆಲ್ಲು ತಂದುಕೊಟ್ಟರು.

ಅವರು ಹುಟ್ಟಿದ್ದು ನಲ್ಲೂರಿನ ಹುಣಸೆತೋಪಿನ ಆಚೆಯ ಹಳ್ಳಿಯಲ್ಲಿ. ಹೂವಿನ ಕೆಲಸಕ್ಕೆ ಬರುವ ಮೊದಲು ನಲವತ್ತು ವರ್ಷ ನಮ್ಮ ಪಕ್ಕದ ವಿಜಯಪುರದಲ್ಲಿ ರೇಷ್ಮೆಗೂಡು ಬೇಯಿಸುತ್ತಿದ್ದರು. ಗೂಡು ಬೇಯಿಸುವ ನೀರು ಗಡಸಾದರೆ ನೂಲು ಸರಿಯಾಗಿ ಬಿಚ್ಚಿಕೊಳ್ಳುವುದಿಲ್ಲ, ಮಾಲು ಕೆಡುತ್ತದೆ. ಅದಕ್ಕೇ ಅವರಿಗೆ ನೀರು ಅಂದರೆ ಮನುಷ್ಯರಿದ್ದ ಹಾಗೆ. ಒಂದೊಂದು ಬೋರ್‌ವೆಲ್ಲಿಗೂ ಒಂದೊಂದು ಸ್ವಭಾವ ಹೇಳುತ್ತಿದ್ದರು. ನಮ್ಮ ತೋಟದ ಬೋರಿಗೆ "ಮುಂಗೋಪಿ" ಅಂತ ಹೆಸರಿಟ್ಟಿದ್ದರು.

ನಮ್ಮ ತೋಟದ ಹೂವಿನ ಹೆಸರು ಹೈಡ್ರೇಂಜಿಯ. ನನ್ನ ಬಾಯಿಗೆ ಸರಿಯಾಗಿ ಬರಲು ಎರಡು ವರ್ಷ ಹಿಡಿಯಿತು. ಅಂಗೈ ಅಗಲದ ಎಲೆ. ಮೇಲೆ ಸುಲಿದ ತೆಂಗಿನಕಾಯಿ ಗಾತ್ರದ ಗೊಂಚಲು. ಒಂದೊಂದು ಗೊಂಚಲಲ್ಲೂ ಲೆಕ್ಕವಿಲ್ಲದಷ್ಟು ಪುಟ್ಟ ಹೂವು. ವಾಸನೆ ಇಲ್ಲ. ಮುಡಿಯಲು ಬರುವುದಿಲ್ಲ. ಮಾಲೆ ಕಟ್ಟುವ ಹೂವೂ ಅಲ್ಲ. ಮೊದಲ ದಿನವೇ ಕೇಳಿದೆ, "ಮುಡಿಯೋಕಿಲ್ಲ, ಮೂಸೋಕಿಲ್ಲ, ಇದಕ್ಕೇನಣ್ಣ ಇಷ್ಟೊಂದು ಮರ್ಯಾದೆ?"

"ಇದು ಕುಡಿಯೋ ಗಿಡ ಕಣಮ್ಮ. ಏನು ಕುಡಿದಿದ್ದೀನಿ ಅಂತ ಮುಖದಲ್ಲೇ ತೋರಿಸ್ತೈತೆ. ನಿಮ್ಮೂರಲ್ಲೂ ಅಂಥ ಗಂಡಸರು ಅವ್ರೆ, ನೋಡಿಲ್ವಾ?" ಅಂದರು.

ನಾನು ನಂಬಲಿಲ್ಲ. ಅವರು ಒಂದೇ ಗಿಡದಿಂದ ಎರಡು ಕಡ್ಡಿ ಮುರಿದು, ನನ್ನ ಕೈಯಲ್ಲೇ ಎರಡು ಕುಂಡದಲ್ಲಿ ನೆಡಿಸಿದರು. ಒಂದಕ್ಕೆ ಮಳೆನೀರು ಮತ್ತು ಪಟಿಕದ ನೀರು. ಪಟಿಕ ಅಂದರೆ ಕ್ಷೌರದಂಗಡಿಯಲ್ಲಿ ಗಡ್ಡ ಬೋಳಿಸಿ ಕೆನ್ನೆಗೆ ಉಜ್ಜುತ್ತಾರಲ್ಲ, ಅಂಗಡಿ ಬಾಗಿಲಿಗೆ ದೃಷ್ಟಿಯಾಗದಿರಲಿ ಅಂತ ಕಟ್ಟುತ್ತಾರಲ್ಲ, ಅದೇ ಬಿಳಿ ಕಲ್ಲು. ಇನ್ನೊಂದು ಕುಂಡಕ್ಕೆ ಮುಂಗೋಪಿ ಬೋರಿನ ನೀರು, ಮೇಲೊಂದು ಚಿಟಿಕೆ ಸುಣ್ಣದ ಪುಡಿ. ಬೇರೆ ಏನೂ ಇಲ್ಲ. ಮಾರನೆಯ ವರ್ಷ ಯುಗಾದಿ ಕಳೆದು ಹೂ ಬಿಟ್ಟವು. ಪಟಿಕ ಕುಡಿದದ್ದು ನೀಲಿ, ಮಳೆ ನಿಂತ ಮೇಲಿನ ಆಕಾಶದ ನೀಲಿ. ಸುಣ್ಣ ಕುಡಿದದ್ದು ಗುಲಾಬಿ. ಒಂದೇ ತಾಯಿಯ ಎರಡು ಕಡ್ಡಿ. ಎರಡು ಕುಂಡದ ನಡುವೆ ಕೂತೆ. ಎರಡನ್ನೂ ತಿರುಗಿಸಿ ತಿರುಗಿಸಿ ನೋಡಿದೆ.  ನಾಟಿ ಹಾಕಿದ್ದೇನೆ, ಹಸು ಕಟ್ಟಿದ್ದೇನೆ, ನಾಲ್ಕು ಹೆತ್ತಿದ್ದೇನೆ. ಆದರೆ ಮಣ್ಣಿಗೆ ಒಂದು ಕಲ್ಲು ಕರಗಿಸಿ ಹುಯ್ದು, ಹೂವಿನ ಬಣ್ಣವನ್ನು ಹೀಗೆ ಬಾ, ಹಾಗೆ ಹೋಗು ಅನ್ನುವವರನ್ನು ನೋಡಿರಲಿಲ್ಲ.

ಅವರ ಕೆಲಸದಲ್ಲಿ ಅವಸರ ಇರಲಿಲ್ಲ. "ಹೂವು ಬಿಟ್ಟ ಮೇಲೆ ಬಣ್ಣ ತಿದ್ದಕ್ಕಾಗಲ್ಲ. ಮಗು ಹುಟ್ಟಿದ ಮೇಲೆ ಮೂಗು ತಿದ್ದಕ್ಕಾಗ್ತೈತಾ? ಬಸಿರಲ್ಲಿದ್ದಾಗಲೇ ನೋಡ್ಕೋಬೇಕು" ಅನ್ನುತ್ತಿದ್ದರು. ದೀಪಾವಳಿ ಕಳೆದ ಕೂಡಲೇ ಪಟಿಕದ ನೀರು ಶುರು. ಹದಿನೈದು ದಿನಕ್ಕೊಂದು ಸಲ, ಅದೂ ತೆಳುವಾಗಿ. ಜಾಸ್ತಿಯಾದರೆ ಬೇರು ಸುಡುತ್ತದೆ. ಮೂಳೆ ಗೊಬ್ಬರ ಹಾಕಿದರೆ ಪಟಿಕ ಕೆಲಸ ಮಾಡುವುದಿಲ್ಲ ಅಂತ ಅದರ ಮೂಟೆಯನ್ನೇ ಆ ಕಡೆ ಬಿಡುತ್ತಿರಲಿಲ್ಲ. ಓನರು ಸಿಮೆಂಟ್ ತೊಟ್ಟಿ ಕಟ್ಟಿಸುತ್ತೇನೆ ಅಂದಾಗ, "ಸಿಮೆಂಟು ಅಂದ್ರೆ ಸುಣ್ಣಾನೇ ಕಣಪ್ಪ, ಹೊಸ ತೊಟ್ಟೀಲಿ ನೀರು ನಿಂತ್ರೆ ಕೆಡ್ತು" ಅಂತ ಹಟ ಹಿಡಿದು, ಪಾಲಿಹೌಸಿನ ಮೇಲೆ ಬಿದ್ದ ಮಳೆನೀರು ಹರಿದು ಬರುವ ಹಾಗೆ ಹೊಂಡ ತೋಡಿಸಿ ಒಳಗೆ ಪ್ಲಾಸ್ಟಿಕ್ ಹಾಸಿಸಿದ್ದರು. ಹೂ ಮುಗಿದ ತಕ್ಷಣ ಕೊಂಬೆ ಸವರುವುದು, ಆಮೇಲೆ ಕತ್ತರಿ ಮುಟ್ಟಬಾರದು. ಒಂದು ಸಲ ರತ್ನಮ್ಮ ಒಪ್ಪವಾಗಿ ಕಾಣಲಿ ಅಂತ ಕಾರ್ತಿಕದಲ್ಲಿ ಹತ್ತು ಗಿಡದ ತುದಿ ಕತ್ತರಿಸಿದಳು. ಆ ವರ್ಷ ಹತ್ತೂ ಬರೀ ಎಲೆ. "ನೋಡಮ್ಮ, ಹತ್ತು ಸನ್ಯಾಸಿಗಳನ್ನ ಮಾಡಿದ್ದೀಯ" ಅಂದರು. ಬೈದದ್ದು ಅಷ್ಟೇ.

ಎರಡು ಅಭ್ಯಾಸ ವಿಚಿತ್ರವಾಗಿದ್ದವು. ಒಂದು, ಕುಂಡಗಳಿಗೆ ಗುರುತಿಗೆ ದಾರ ಕಟ್ಟುವುದು. ನೀಲಿಯದಕ್ಕೆ ಒಂದು ಗಂಟು, ಗುಲಾಬಿಯದಕ್ಕೆ ಎರಡು ಗಂಟು, ಬಿಳಿಯದಕ್ಕೆ ದಾರವೇ ಇಲ್ಲ. "ಬಣ್ಣದ ದಾರಾನೇ ಕಟ್ಟಬಾರದಾ ಅಣ್ಣ?" ಅಂತ ರತ್ನಮ್ಮ ಕೇಳಿದಳು. "ದಾರದ ಬಣ್ಣ ಬಿಸಿಲಿಗೆ ಬಿಳಚ್ಕೊಳ್ತೈತೆ. ಗಂಟು ಬಿಳಚಲ್ಲ" ಅಂದರು. ಎಂಥ ಬುದ್ಧಿವಂತರು ಅಂದುಕೊಂಡೆವು. ಎರಡನೆಯದು, ಹೂ ಬಿರಿಯುವ ಕಾಲದಲ್ಲಿ ದಿನಾ ನಮ್ಮನ್ನು ನಿಲ್ಲಿಸಿ, "ಇವಳು ಇವತ್ತು ಯಾವುದರ ಥರ ಅವ್ಳೆ, ಹೇಳು" ಅನ್ನುವುದು. ಬದನೆ ಹೂವಿನ ಥರ ಅನ್ನಬೇಕು, ಈರುಳ್ಳಿ ಸಿಪ್ಪೆಯ ಥರ ಅನ್ನಬೇಕು. ಬರೀ 'ಚೆನ್ನಾಗವ್ಳೆ' ಅಂದರೆ ಬಿಡುತ್ತಿರಲಿಲ್ಲ. ನಮಗೆ ಪಾಠ ಹೇಳುತ್ತಿದ್ದಾರೆ ಅಂದುಕೊಂಡೆವು. ಟೊಮೇಟೊ ಬುಟ್ಟಿಯಲ್ಲಿ ಹಣ್ಣು ಆರಿಸುವಾಗ ಒಂದೊಂದನ್ನೂ ಹಿಸುಕಿ ಮೂಸುತ್ತಿದ್ದರು. ಅದನ್ನೂ ಬುದ್ಧಿವಂತಿಕೆ ಅಂದುಕೊಂಡೆವು.

ಒಂದು ವರ್ಷ ಓನರಿಗೆ ಹೈಡ್ರೇಂಜಿಯ ಬೇಜಾರಾಯಿತು. ಪಕ್ಕದ ತೋಟದವರೆಲ್ಲ ದಪ್ಪ ಮೆಣಸಿನಕಾಯಿ ಹಾಕಿದ್ದರು. ಇವರಿಗೂ ಅದೇ ಯೋಚನೆ. ಆಗ ವೈಶಾಖದ ಒಂದು ಮದುವೆಗೆ ಬೆಂಗಳೂರಿನ ಮಂಟಪ ಅಲಂಕಾರದವರು ನೂರು ಕುಂಡ ಬಾಡಿಗೆಗೆ ಕೇಳಿದರು. ಎಲ್ಲವೂ ಒಂದೇ ನೀಲಿ ಬೇಕು, ಬೇರೆ ಬಣ್ಣದ ಕುಂಡ ಬಂದರೆ ಎಲ್ಲವನ್ನೂ ವಾಪಸ್ ಕಳಿಸುತ್ತೇವೆ ಅಂದರು. ಓನರು ನಮ್ಮೆಲ್ಲರ ಎದುರಿಗೇ ಹೇಳಿದರು, "ದೊಡ್ಡಪ್ಪ, ಇದೊಂದು ಸಲ ನೋಡೋಣ. ನೂರೂ ನೀಲಿ ಬಂದ್ರೆ ಗಿಡ ಉಳೀತವೆ. ಇಲ್ದಿದ್ರೆ ಮಳೆಗಾಲಕ್ಕೆ ಎಲ್ಲಾ ಕಿತ್ತಾಕಿ ಮೆಣಸಿನಕಾಯಿ ಹಾಕ್ತೀನಿ. ಬೇಜಾರು ಮಾಡ್ಕೋಬೇಡ."

ಮೆಣಸಿನಕಾಯಿಗೆ ಸೋಪಿನಯ್ಯ ಬೇಕಾಗಿರಲಿಲ್ಲ. ಅವರಿಗೂ ಅದು ಗೊತ್ತಿತ್ತು. "ಆಗ್ಲಪ್ಪ" ಅಂದರು. ಅವತ್ತಿನಿಂದ ದಿನಕ್ಕೆ ಮೂರು ಸಲ ಆ ಸಾಲು ಸುತ್ತುತ್ತಿದ್ದರು.

ಈಗ ನನ್ನ ತಪ್ಪು ಹೇಳಬೇಕು. ನನಗೆ ಎಲೆಅಡಿಕೆ ಚಟ. ಹತ್ತು ಗಂಟೆಯ ಟೀ ಕುಡಿದ ಮೇಲೆ ಆ ನೀಲಿ ಸಾಲಿನ ತುದಿಯಲ್ಲಿ, ನೆರಳು ಚೆನ್ನಾಗಿದೆ ಅಂತ, ಒಂದು ಕಲ್ಲಿನ ಮೇಲೆ ಕೂತು ಎಲೆ ಹಾಕುತ್ತಿದ್ದೆ. ಎಲೆಗೆ ಸುಣ್ಣ ಸವರಿ ಬೆರಳಲ್ಲಿ ಉಳಿದದ್ದನ್ನು ಎಲ್ಲಿ ಒರೆಸುತ್ತೇವೆ? ಮನೆಯಲ್ಲಾದರೆ ಕಂಬಕ್ಕೆ. ಇಲ್ಲಿ ಕಂಬ ಇಲ್ಲ, ಕುಂಡ ಇತ್ತು. ಕುಂಡದ ಅಂಚಿಗೆ ಒರೆಸುತ್ತಿದ್ದೆ. ಡಬ್ಬಿಯ ಸುಣ್ಣ ಒಣಗಿದರೆ ನೀರು ಹಾಕಿ ಕದಡಿ, ಮೇಲಿನ ತಿಳಿಯನ್ನು ಅದೇ ಕುಂಡಗಳಿಗೆ ಚೆಲ್ಲುತ್ತಿದ್ದೆ. ದೀಪಾವಳಿಯಿಂದ ಯುಗಾದಿಯ ತನಕ. ಸುಣ್ಣ ಹಾಕಿದರೆ ಹೂವು ಗುಲಾಬಿಯಾಗುತ್ತದೆ ಅಂತ ನನ್ನ ಕೈಯಲ್ಲೇ ಮಾಡಿ ತೋರಿಸಿದ್ದರು. ಆದರೂ ಆ ಸುಣ್ಣ ಬೇರೆ, ಬಾಯಿಗೆ ಹಾಕುವ ಸುಣ್ಣ ಬೇರೆ ಅಂತಲೇ ನನ್ನ ತಲೆಯಲ್ಲಿತ್ತು. ಗಿಡಕ್ಕೆ ಹಾಕುವುದು ಗೊಬ್ಬರದಂಗಡಿಯದು, ಇದು ತಾಂಬೂಲದ್ದು. ದಡ್ಡತನಕ್ಕೆ ಬೇರೆ ಹೆಸರಿಲ್ಲ.

ಮದುವೆಗೆ ಹದಿನೈದು ದಿನ ಇತ್ತು. ಸಾಲಿನ ಮುಕ್ಕಾಲು ಪಾಲು ಕುಂಡಗಳಲ್ಲಿ ಗೊಂಚಲು ಇನ್ನೂ ಹಸಿರು ಬಿಳುಪು, ಬಣ್ಣ ಏರಿರಲಿಲ್ಲ. ಮುಂದಾಗಿ ಬಿರಿದ ಕೆಲವು ಮಾತ್ರ ನೀಲಿಗೆ ತಿರುಗಿದ್ದವು. ಬೆಳಿಗ್ಗೆ ರತ್ನಮ್ಮ ನನ್ನ ತೋಳು ತಿವಿದಳು.

"ಲೇ, ನೋಡೇ, ನೀನು ಕೂತ್ಕೊಳ್ಳೋ ಜಾಗದಾಗಿನ ಎರಡು ಕುಂಡ. ಗುಲಾಬಿಗೆ ತಿರುಗವೆ."

ನೋಡಿದೆ. ಹೌದು. ಒಂದು ನೇರಳೆ, ಇನ್ನೊಂದು ಚೆನ್ನಾಗಿ ಗುಲಾಬಿ. ಸುಣ್ಣದ ಡಬ್ಬಿಯನ್ನು ಸೊಂಟಕ್ಕೆ ಸಿಕ್ಕಿಸಿ ಮುಚ್ಚಿಕೊಂಡೆ. ಅಷ್ಟರಲ್ಲಿ ಓನರು ಫೋನಿನಲ್ಲಿ ಮಾತಾಡುತ್ತಾ ಸಾಲಿನ ಆ ತುದಿಯಲ್ಲಿ ನಿಂತು, "ದೊಡ್ಡಪ್ಪ, ಬಿಟ್ಟಿರೋವೆಲ್ಲಾ ನೀಲಿನೇ ತಾನೇ? ಅವರು ಕೇಳ್ತಾವ್ರೆ" ಅಂತ ಕೂಗಿದರು. ಸೋಪಿನಯ್ಯ ಆ ಗುಲಾಬಿ ಗೊಂಚಲಿನ ಮೇಲೇ ಕೈ ಇಟ್ಟುಕೊಂಡು ನಿಂತಿದ್ದರು. ಬಗ್ಗಿ ನೋಡಿದರು. ನೋಡಿಯೇ ಹೇಳಿದರು.

"ಎಲ್ಲಾ ನೀಲಿ ಕಣಪ್ಪ."

ರತ್ನಮ್ಮ ಬಾಯಿಗೆ ಸೆರಗು ಇಟ್ಟುಕೊಂಡಳು. "ಎಂಥ ತಮಾಷೆ ಮಾಡ್ತಾರೆ ನೋಡು, ಓನರ್ ಹತ್ರಾನೇ" ಅಂದಳು. ನಾನು ಅವರ ಮುಖ ನೋಡಿದೆ. ತಮಾಷೆ ಇರಲಿಲ್ಲ. ಸುಳ್ಳು ಹೇಳುವ ಮುಖವೂ ಅಲ್ಲ. ಗಂಟು, ಬದನೆ ಹೂವು, ಟೊಮೇಟೊ, ಎಲ್ಲ ಒಟ್ಟಿಗೆ ತಲೆಗೆ ಬಂತು.

ಸುಮ್ಮನಿದ್ದರೆ ನನ್ನ ಸುಣ್ಣ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಅಣ್ಣ ನೀಲಿ ಅಂದ ಮೇಲೆ ಯಾರೂ ಮತ್ತೆ ನೋಡುತ್ತಿರಲಿಲ್ಲ, ಆ ಎರಡು ಕುಂಡ ನೀಲಿಯ ಜೊತೆ ಲಾರಿ ಹತ್ತುತ್ತಿದ್ದವು. ನೂರೂ ವಾಪಸ್ ಬರುತ್ತಿದ್ದವು. ಗಿಡ ಹೋಗುತ್ತಿತ್ತು, ಮನುಷ್ಯ ಹೋಗುತ್ತಿದ್ದ. ಹೊಂಡದ ಹತ್ತಿರ ಒಬ್ಬರೇ ಸಿಕ್ಕಾಗ ನೇರವಾಗಿ ಕೇಳಿದೆ. ಸುತ್ತಿ ಬಳಸಿ ಮಾತಾಡಲು ನನಗೆ ಬರುವುದಿಲ್ಲ.

"ಅಣ್ಣ, ನಿಮ್ಗೆ ಬಣ್ಣ ಕಾಣಲ್ವಾ?"

ಅವರು ಜೇಬಿನಿಂದ ಸೋಪು ತೆಗೆದರು. ನೀರಿಗೆ ಅದ್ದಿ ಕೈಗೆ ತಿಕ್ಕಿದರು. ನೊರೆ ಚೆನ್ನಾಗಿಯೇ ಬಂತು. ಅದನ್ನೇ ನೋಡುತ್ತಾ ಕೇಳಿದರು, "ಎಷ್ಟು ಜನಕ್ಕೆ ಗೊತ್ತು?"

"ನಂಗೊಬ್ಬಳಿಗೆ."

"ನೀಲಿ ಕಾಣ್ತೈತೆ. ಹಳದಿ ಕಾಣ್ತೈತೆ. ಈ ಗುಲಾಬಿ, ನೇರಳೆ ಅಂತೀರಲ್ಲ, ಅವು ನಂಗೆ ಮಾಸಿದ ನೀಲಿನೇ. ಕಾಯಿ ಟೊಮೇಟೊ, ಹಣ್ಣು ಟೊಮೇಟೊ, ಎರಡೂ ಒಂದೇ."

ವಿಜಯಪುರದಲ್ಲಿ ಮೊದಲು ಅವರನ್ನು ಸೇರಿಸಿದ್ದು ನೂಲಿಗೆ ಬಣ್ಣ ಹಾಕುವ ಕಡೆಯಂತೆ. ಆಗ ಇನ್ನೂ ಮೀಸೆ ಬಂದಿರಲಿಲ್ಲ. ಮದುವೆ ಸೀರೆಯ ನೂಲಿನ ಕಟ್ಟುಗಳನ್ನು ಬಣ್ಣ ನೋಡಿ ಬೇರೆ ಮಾಡು ಅಂದರೆ ಗುಲಾಬಿಯನ್ನೂ ಬೂದು ನೀಲಿಯನ್ನೂ ಒಂದೇ ಗಂಟು ಕಟ್ಟಿಟ್ಟರು. ಒದ್ದೆ ನೂಲಿನ ಕಟ್ಟಿನಲ್ಲೇ ಬೆನ್ನಿಗೆ ಬಾರಿಸಿ ಓಡಿಸಿದರು. ಅವತ್ತಿನಿಂದ ಗೂಡು ಬೇಯಿಸುವ ಒಲೆಯ ಮುಂದೆ. "ಅಲ್ಲಿ ನೀರು ಗೊತ್ತಿದ್ರೆ ಸಾಕು. ಬಣ್ಣ ಯಾರೂ ಕೇಳಲ್ಲ."

"ಮತ್ತೆ ಈ ಬಣ್ಣದ ಹೂವಿನ ಸಾವಾಸಕ್ಕೆ ಯಾಕೆ ಬಂದ್ರಿ? ಮಲ್ಲಿಗೆ ಬೆಳೀಬೋದಿತ್ತಲ್ಲ, ಬೆಳ್ಳಗಿರ್ತೈತೆ."

"ನನ್ನ ಕಣ್ಣಿಗೆ ಕಾಣದ್ದನ್ನ ನನ್ನ ಕೈ ಮಾಡ್ತೈತಾ ಅಂತ ನೋಡ್ಬೇಕಿತ್ತು ಕಣಮ್ಮ" ಅಂದರು.

 ನನ್ನ ತಪ್ಪು ಒಪ್ಪಿಕೊಳ್ಳುವುದೊಂದೇ ಉಳಿದಿತ್ತು. ಸುಣ್ಣದ ಡಬ್ಬಿ ತೋರಿಸಿ ಎಲ್ಲ ಹೇಳಿದೆ. ಐದು ಕುಂಡ ಅಂದೆ. ನಿಜವಾಗಿ ಆರು. ನಡುವೆ ಒಂದು ವಾರ ರತ್ನಮ್ಮನ ಜೊತೆ ಜಗಳವಾಗಿ, ಮುನಿಸಿಕೊಂಡು, ದೂರದ ಹನ್ನೊಂದನೆಯ ಕುಂಡದ ಹತ್ತಿರ ಕೂತಿದ್ದೆ. ಒಂದು ವಾರ ತಾನೇ, ಏನಾಗುತ್ತದೆ ಅಂತ ಅದನ್ನು ನುಂಗಿಕೊಂಡೆ. ಇನ್ನೊಂದು ನಿಜವೂ ಹೇಳುತ್ತೇನೆ. ಇವರಿಗೆ ಹೇಗೆ ಗೊತ್ತಾಗುತ್ತದೋ ನೋಡೋಣ ಅಂತಲೂ ಇತ್ತು.

ಬೈಯುತ್ತಾರೆ ಅಂದುಕೊಂಡಿದ್ದೆ. ಅವರ ಮುಖ ಅರಳಿತು. "ಹಂಗಾದ್ರೆ ನನ್ನ ಲೆಕ್ಕ ತಪ್ಪಿಲ್ಲ" ಅಂದರು. ಎದ್ದರು. ಒಂದು ಚೊಂಬು ಮಳೆನೀರು ನನ್ನ ಕೈಗೆ ಕೊಟ್ಟು, "ಬಾ ಹಿಂದೆ" ಅಂದರು.

ಸಾಲಿನ ಮೊದಲ ಕುಂಡದಲ್ಲಿ ಮಂಡಿಯೂರಿ ಕೂತರು. ಬುಡದಿಂದ ಒಂದು ಚಿಟಿಕೆ ಮಣ್ಣು ತೆಗೆದು ನಾಲಿಗೆಯ ತುದಿಗಿಟ್ಟರು. ಕಣ್ಣು ಮುಚ್ಚಿದರು. ಉಗಿದರು. ಚೊಂಬಿಗೆ ಕೈ ಚಾಚಿದರು, ಬಾಯಿ ಮುಕ್ಕಳಿಸಿದರು. ಮುಂದಿನ ಕುಂಡ. "ನೀಲಿ ಮಣ್ಣು ಒಗರು, ನಾಲಿಗೆ ಹಿಡಿದು ಎಳೀತೈತೆ. ಸುಣ್ಣ ಬಿದ್ದದ್ದು ಜಾರ್ತೈತೆ, ನನ್ನ ಸೋಪಿನ ಥರ" ಅಂದರು. ನಾನು ಹೇಳಿದ ಐದೂ ಸಿಕ್ಕವು. ಬಿರಿದಿದ್ದದ್ದು ಎರಡೇ, ಉಳಿದ ಮೂರಕ್ಕೆ ಇನ್ನೂ ಬಣ್ಣವೇ ಬಂದಿರಲಿಲ್ಲ. ಒಂದೊಂದರ ದಾರಕ್ಕೂ ಇನ್ನೊಂದು ಗಂಟು ಹಾಕಿದರು. ಆರನೆಯದು, ಏಳನೆಯದು, ದಾಟುತ್ತಾ ಹೋದರು. ಹನ್ನೊಂದನೆಯದರ ಮಣ್ಣು ಬಾಯಿಗಿಟ್ಟು ನಿಂತುಬಿಟ್ಟರು. ಇನ್ನೊಂದು ಚಿಟಿಕೆ ತೆಗೆದರು, ಕುಂಡದ ಇನ್ನೊಂದು ಕಡೆಯಿಂದ. ಗೊಂಚಲು ಅವರೆಕಾಯಿಯಷ್ಟು ಹಸಿರಾಗಿತ್ತು. ಅದನ್ನು ನೋಡಿ ಬಣ್ಣ ಹೇಳಲು ಬ್ರಹ್ಮನಿಗೂ ಆಗುತ್ತಿರಲಿಲ್ಲ.

"ಇಲ್ಲಿ ಯಾವಾಗ ಕೂತಿದ್ದೆ?" ಅಂದರು.

ಚೊಂಬನ್ನು ಕೆಳಗಿಟ್ಟೆ. "ಒಂದೇ ವಾರ ಅಣ್ಣ."

"ಎಂಟು ದಿನದ್ದು ಐತೆ" ಅಂತ ಗಂಟು ಹಾಕಿದರು. ಎಂಟು ದಿನ ಅಂದದ್ದು ನನ್ನನ್ನು ಹೆದರಿಸಲೋ, ನಿಜವೋ, ಇವತ್ತಿಗೂ ತಿಳಿಯದು. ಮನೆಗೆ ಹೋಗಿ ಬೆರಳು ಮಡಿಸಿ ಎಣಿಸಿದೆ. ಸೋಮವಾರ ಜಗಳ, ಮುಂದಿನ ಸೋಮವಾರ ರಾಜಿ. ಎರಡೂ ಸೋಮವಾರ ಸೇರಿದರೆ ಎಂಟೇ.

ನೂರು ಕುಂಡದ ಮಣ್ಣು ಬಾಯಿಗಿಟ್ಟರು. ಏಳು ಗಂಟೆಗೆ ಶುರು ಮಾಡಿದ್ದು, ಊಟದ ಹೊತ್ತಾಗಿತ್ತು.  ಎರಡು ಸಲ ವಾಂತಿ ಬಂದ ಹಾಗಾಗಿ ಎದ್ದು ಹೋಗಿ ಬಂದರು. ಆದರೂ ಒಂದು ಕುಂಡ ಬಿಡಲಿಲ್ಲ. ಗೇಟಿನ ಹತ್ತಿರದ ಕೊನೆಯ ಕುಂಡದಲ್ಲಿ ಮತ್ತೆ ನಿಂತರು. "ಇದೂ ಕೆಟ್ಟೈತೆ."

"ದೇವ್ರಾಣೆ ಅದು ನಂದಲ್ಲ" ಅಂದೆ.

ಆಗ ಓನರು ಬಂದರು. "ಏನ್ ದೊಡ್ಡಪ್ಪ, ಮಣ್ಣು ತಿಂತಾ ಇದ್ದೀಯ? ಬಸುರಿ ಬಯಕೆನಾ?" ಅಂತ ನಕ್ಕರು. ಸೋಪಿನಯ್ಯ ಏಳು ಕುಂಡ ಕೆಟ್ಟಿವೆ, ಬಾಯಿಗೆ ಹಾಕುವ ಸುಣ್ಣ ಬಿದ್ದಿದೆ ಅಂದ ಕೂಡಲೇ ಆ ನಗು ಇಳಿಯಿತು. ನಮ್ಮ ಕೆಂಪು ಬಾಯಿಗಳ ಕಡೆ ತಿರುಗಿದರು.

"ಯಾರದು ಈ ಕೆಲಸ? ಯಾರು ಅಂತ ಹೇಳು. ಇವತ್ತೇ ಲೆಕ್ಕ ಚುಕ್ತಾ ಮಾಡಿ ಮನೆಗೆ ಕಳಿಸ್ತೀನಿ."

ನಾನು ಒಂದು ಹೆಜ್ಜೆ ಮುಂದಿಟ್ಟೆ. ಸೋಪಿನಯ್ಯ ಮೊಣಕೈಯಿಂದ ನನ್ನನ್ನು ಹಿಂದಕ್ಕೆ ತಳ್ಳಿ, ಆ ಕೊನೆಯ ಕುಂಡದ ಮಣ್ಣನ್ನು ಓನರ ಅಂಗೈಗೆ ಹಾಕಿದರು.

"ಇದನ್ನ ಮೂಸಿ ನೋಡಪ್ಪ. ಸುಣ್ಣದ ಜೊತೆ ಹೊಗೆಸೊಪ್ಪಿನ ಪುಡಿ ಐತೆ. ನಮ್ ಹೆಂಗಸರು ಎಲೆ ಹಾಕ್ತಾರೆ, ಹೊಗೆಸೊಪ್ಪು ಯಾರೂ ಮುಟ್ಟಲ್ಲ. ಗೇಟಿನ ಹತ್ರ ನಿಂತ್ಕೊಂಡು ಅಂಗೈಯಲ್ಲಿ ಹೊಗೆಸೊಪ್ಪು ಸುಣ್ಣ ತಿಕ್ಕಿ, ಕೈ ಕೊಡವೋರು ಯಾರೋ, ನಂಗೆ ಗೊತ್ತಿಲ್ಲ. ಏಳೂ ಕುಂಡಕ್ಕೆ ಹೆಸರು ಹೇಳ್ಬೇಕಾದ್ರೆ ಅದನ್ನೂ ಹುಡುಕಿ ಹೇಳ್ತೀನಿ."

ಓನರ ಹೆಂಡತಿ ಪ್ಯಾಕಿಂಗ್ ಶೆಡ್ಡಿನಲ್ಲೇ ಕೂತಿದ್ದರು. ಸಂಕ್ರಾಂತಿಯ ದಿನ ದೇವರ ಮುಂದೆ ನಿಲ್ಲಿಸಿ ಗಂಡನ ಕೈಯಲ್ಲಿ ಹೊಗೆಸೊಪ್ಪು ಬಿಡಿಸಿದ್ದ ಕಥೆಯನ್ನು ಆಕೆಯೇ ನಮಗೆಲ್ಲ ಹೇಳಿದ್ದರು. ಓನರು ಒಂದು ಸಲ ಶೆಡ್ಡಿನ ಕಡೆ ನೋಡಿದರು, ಒಂದು ಸಲ ಅಂಗೈ ನೋಡಿದರು. ಮಣ್ಣು ಉದುರಿಸಿ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡರು.

"ಆಯ್ತು ಬಿಡು ದೊಡ್ಡಪ್ಪ. ಆಗಿದ್ದು ಆಗೋಯ್ತು. ಈಗೇನು ಮಾಡೋಣ ಹೇಳು."

"ಏಳು ಬಿಳಿ ಕುಂಡ ಹಾಕೋಣ. ಬಿಳಿ ಯಾರ ಮಾತೂ ಕೇಳಲ್ಲ. ಪಟಿಕ ಹಾಕು, ಸುಣ್ಣ ಹಾಕು, ಬಿಳಿಯಾಗೇ ಇರ್ತೈತೆ. ಫೋನು ಮಾಡಿ ಅವ್ರಿಗೆ ನಿಜ ಹೇಳು. ತೊಂಬತ್ತಮೂರು ನೀಲಿ, ಏಳು ಬಿಳಿ. ಒಪ್ಪಿದ್ರೆ ಒಪ್ಪಲಿ."

ಓನರು ಅರ್ಧ ಗಂಟೆ ಫೋನಿನಲ್ಲಿ ಬೇಡಿಕೊಂಡರು. ಬಿಳಿ ಆಗಬಹುದು, ಆದರೆ ಉಳಿದವುಗಳಲ್ಲಿ ಒಂದು ತಪ್ಪಿದರೂ ಎಲ್ಲ ವಾಪಸ್ ಅಂದರಂತೆ.

ಆ ಏಳು ಕುಂಡಗಳನ್ನು ಹೊಂಡದ ಹಿಂದೆ ಇಟ್ಟೆವು. ನಾನು ದಿನಾ ಬೆಳಿಗ್ಗೆ ಮೊದಲು ಅಲ್ಲಿಗೆ, ಆಮೇಲೆ ಸಾಲಿಗೆ ಹೋಗುತ್ತಿದ್ದೆ. ದೇವಸ್ಥಾನಕ್ಕೂ ಅಷ್ಟು ನೇಮದಿಂದ ಹೋದವಳಲ್ಲ. ಐದು ದಿನಕ್ಕೆ ಮೂರು ಗುಲಾಬಿಗೆ ತಿರುಗಿದವು. ಗೇಟಿನದು ನೇರಳೆಯಾಯಿತು. ಹನ್ನೊಂದನೆಯದು ಮಾತ್ರ ಹಟ ಹಿಡಿದು ಹಸಿರಾಗಿಯೇ ಇತ್ತು. ಅದೊಂದು ನೀಲಿ ಬಂದರೆ, ಈ ಮನುಷ್ಯನೂ ನಮ್ಮ ಹಾಗೆ ತಪ್ಪುತ್ತಾನೆ ಅಂತ ನನಗೆ ಸಮಾಧಾನವಾಗುತ್ತಿತ್ತೋ ಏನೋ. ಲಾರಿ ಬರುವ ಹಿಂದಿನ ದಿನ ನೋಡಿದೆ. ಗೊಂಚಲಿನ ಅಂಚಿನ ನಾಲ್ಕು ಹೂವು ನೀಲಿ, ನಡುವೆ ಎಲ್ಲ ಗುಲಾಬಿ ಏರುತ್ತಿತ್ತು. ಒಂದು ವಾರದ ಸುಣ್ಣಕ್ಕೆ ತಕ್ಕಷ್ಟು. ಸಾಲಿಗೆ ಬಂದೆ. ಆ ಕಡೆಯಿಂದ ಈ ಕಡೆಯವರೆಗೆ ನೀಲಿ. ತೊಂಬತ್ತಮೂರೂ ನೀಲಿ. ಒಂದೇ ಬಟ್ಟೆ ಹಾಸಿದ ಹಾಗೆ. ಅದರ ನಡುವೆ ಸೋಪಿನಯ್ಯ ನಿಂತು, ದಿನದ ಹಾಗೆ ಕೇಳಿದರು, "ಇವರು ಇವತ್ತು ಯಾವುದರ ಥರ ಅವ್ರೆ, ಹೇಳು."

"ಎಲ್ಲಾ ನೀಲಿ ಅಣ್ಣ" ಅಂದೆ.  ಅವರು ನೆಲ ನೋಡುತ್ತಾ, "ಹ್ಞೂಂ" ಅಂದರು. ಅಷ್ಟೇ.

ಕುಂಡಗಳು ಹೋದವು, ಮುಹೂರ್ತ ಮುಗಿಸಿ ವಾಪಸ್ ಬಂದವು. ಗಿಡ ಉಳಿದವು. ದೊಡ್ಡಪ್ಪನ ಕಣ್ಣು ಅಂತ ಓನರು ಬಂದವರಿಗೆಲ್ಲ ಹೇಳಲು ಶುರು ಮಾಡಿದ್ದು ಆಗಲೇ. ನಾನು ತೋಟದಲ್ಲಿ ಎಲೆ ಹಾಕುವುದು ಬಿಟ್ಟೆ. ಮನೆಯಲ್ಲಿ ಬಿಡಲಿಲ್ಲ.

ಒಂದು ಸಲ ಗೊಂಚಲು ಸವರುತ್ತಾ ಕೂತಿದ್ದಾಗ ಕೇಳಿದರು, "ಗುಲಾಬಿ ಬಣ್ಣ ಅಂದ್ರೆ ಹೆಂಗಿರ್ತೈತಮ್ಮ?"

 "ಎಳೆ ಮಗೀನ ಅಂಗಾಲು ಇರ್ತೈತಲ್ಲ, ಹಂಗೆ" ಅಂದೆ.

"ಅಂಗಾಲು ಗೊತ್ತು, ಮೆತ್ತಗಿರ್ತೈತೆ. ನಾನು ಕೇಳಿದ್ದು ಬಣ್ಣ."

"ನಂಗೆ ಹೇಳೋಕೆ ಬರಲ್ಲ ಅಣ್ಣ."

"ಬಿಡು. ಕಂಡೋರಿಗೇ ಹೇಳೋಕೆ ಬರಲ್ಲ ಅಂದ್ಮೇಲೆ ನಂಗೇನು ಅಂಥಾ ನಷ್ಟ" ಅಂದು ನಕ್ಕು ಕತ್ತರಿ ಎತ್ತಿಕೊಂಡರು.

ನನ್ನ ಮೊಮ್ಮಗಳು, ಇದಕ್ಕೆ ವರ್ಣಾಂಧತೆ ಅಂತಾರೆ ಅಜ್ಜಿ, ನಮ್ಮ ಪುಸ್ತಕದಲ್ಲಿದೆ ಅಂದಳು. ಇರಬಹುದು. ಅವಳ ಪುಸ್ತಕದಲ್ಲಿ ಕಾಯಿಲೆಯ ಹೆಸರಿದೆ. ನೂರು ಕುಂಡದ ಮಣ್ಣು ನೆಕ್ಕಿ, ಇನ್ನೂ ಬಾರದ ಬಣ್ಣವನ್ನು ಹೇಳಿದವರು ಇದ್ದರು ಅಂತ ಇಲ್ಲ.

ಅವರಿಗೆ ಎರಡು ದಿನ ಜ್ವರ ಇತ್ತು. ಮೂರನೆಯ ದಿನ ಅವರಿಲ್ಲ. ಈಗ ನೀಲಿ ಸಾಲು ನನ್ನ ಪಾಲಿಗೆ ಬಂದಿದೆ. ನಾನೂ ಮಣ್ಣು ಬಾಯಿಗಿಟ್ಟು ನೋಡಿದೆ. ನನಗೆ ಎಲ್ಲ ಕುಂಡವೂ ಬರೀ ಮಣ್ಣು. ಅವರ ಸೋಪಿನ ತುಂಡು ಇಟ್ಟುಕೊಂಡಿದ್ದೇನೆ, ನೊರೆಯಾದರೂ ನನಗೆ ಕಾಣುತ್ತದೆ.

ಆ ಹನ್ನೊಂದನೆಯ ದಿನ ಕಳೆದು ಶೆಡ್ಡಿನಲ್ಲಿ ಫೋಟೊ ಇಟ್ಟಾಗ, ಓನರು ಮಾತಾಡುವ ಮುಂಚೆ, ಯಾವ ಹೂವಿಡುವುದು ಅಂತ ಚರ್ಚೆಯಾಯಿತು. ರತ್ನಮ್ಮ ನೀಲಿ ಕುಂಡ ಹೊತ್ತು ತಂದಳು, "ಅಣ್ಣಂಗೆ ನೀಲಿ ಅಂದ್ರೆ ಪ್ರಾಣ." ಓನರ ಹೆಂಡತಿ ಗುಲಾಬಿ ತಂದರು, "ಇಲ್ಲ ಕಣೇ, ಗುಲಾಬಿ ಗೊಂಚಲು ಹಿಡ್ಕೊಂಡು ಎಷ್ಟೊತ್ತು ನೋಡ್ತಾ ನಿಂತ್ಕೊಳ್ಳೋರು, ನಾನೇ ನೋಡಿದ್ದೀನಿ." ಇಬ್ಬರೂ ಪಟ್ಟು ಬಿಡಲಿಲ್ಲ. ನಾನು ಎದ್ದು ಹೋಗಿ, ದಾರ ಕಟ್ಟದ ಸಾಲಿನಿಂದ ಒಂದು ಬಿಳಿ ಕುಂಡ ಸೊಂಟದ ಮೇಲಿಟ್ಟುಕೊಂಡು ಬಂದೆ.

"ಬಿಳಿನಾ?" ರತ್ನಮ್ಮ ರೇಗಿದಳು. "ಜೀವಮಾನ ಪೂರ್ತಿ ಬಣ್ಣ ತರಿಸಿದ ಮನುಷ್ಯಂಗೆ ಬಿಳಿ ಇಡ್ತೀಯಲ್ಲೇ, ತಲೆ ನೆಟ್ಟಗೈತಾ ನಿಂಗೆ?"

ಎರಡೂ ಕುಂಡ ಪಕ್ಕಕ್ಕೆ ಸರಿಸಿ, ಬಿಳಿಯದನ್ನು ಫೋಟೊದ ಮುಂದೆ ಇಟ್ಟೆ.

"ಇದನ್ನ ನಾವು ನೋಡ್ದಂಗೇ ಅವ್ರೂ ನೋಡವ್ರೆ. ಇದೇ ಇರ್ಲಿ" ಅಂದೆ.